ಸೆರೆಯಿಂದ ಹೊರಬಂದವನ ಎರಡನೆಯ ಬಾಳು



ದಂಡನೆಯ ಅವಧಿ ತೀರಿ ಕಾರಾಗೃಹದ ಹೆಬ್ಬಾಗಿಲಿನಿಂದ ಹೊರಬಿದ್ದ ಮನುಷ್ಯನು ಲೋಕದಲ್ಲಿ ಎರಡನೆಯ ಸಲ ಬಾಳತೊಡಗುವ ಪರಿಯನ್ನು ಕುರಿತು ಫ್ರಾನ್ಸ್ ದೇಶವು ಜಗತ್ತಿಗೆ ಒಂದು ಮಹಾಕೃತಿಯನ್ನು ಕೊಟ್ಟಿದೆ. 1862ರಲ್ಲಿ ಪ್ರಕಟವಾದ ವಿಕ್ಟರ್ ಹ್ಯೂಗೋವಿನ ‘ಲೆ ಮಿಸೆರಾಬ್ಲ್’ ಅದು. ರೊಟ್ಟಿಯ ಕಳವಿಗಾಗಿ ಸೆರೆಹೊಕ್ಕು, ಹತ್ತೊಂಬತ್ತು ವರ್ಷಗಳ ಮೇಲೆ ಹೊರಬಂದು, ಕೈಯಲ್ಲಿದ್ದ ಹಳದಿ ರಹದಾರಿಯ ದೆಸೆಯಿಂದ ಯಾವ ವಸತಿಗೃಹದಲ್ಲಿಯೂ ಇಂಬು ದೊರೆಯದೆ ಅಲೆದ ಜಾನ್ ವಾಲ್ಜಾನನು, ಹೆಸರನ್ನು ಮರೆಸಿಕೊಂಡು ಒಂದು ಪಟ್ಟಣದಲ್ಲಿ ಕಾರ್ಖಾನೆಯ ಒಡೆಯನೂ ಪುರಾಧ್ಯಕ್ಷನೂ ಆಗಿ ಬಾಳಿದ ವೃತ್ತಾಂತವನ್ನು ನಿಮ್ಮಲ್ಲಿ ಅನೇಕರು ಓದಿಯೋ ಕೇಳಿಯೋ ಇರುವಿರಿ. ಅದಾದ ಸುಮಾರು ಎಪ್ಪತ್ತು ವರ್ಷಗಳಿಗೆ ಅದೇ ಫ್ರಾನ್ಸಿನಲ್ಲಿ, ಸೆರೆಯಿಂದ ಹೊರಬಂದು ಕಾರ್ಖಾನೆಯ ಒಡೆಯನಾದ ಮತ್ತೊಬ್ಬನ ಕಥೆ ಹುಟ್ಟಿತು. ಈ ಸಲ ಅದು ನಗೆಯನ್ನೂ ಹಾಡನ್ನೂ ವಾಹನವಾಗಿ ಮಾಡಿಕೊಂಡು ಬಂದಿತು. ರೆನೆ ಕ್ಲೇರನು ರಚಿಸಿ ನಿರ್ದೇಶಿಸಿದ, 1931ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ತೆರೆಕಂಡ ‘ಆ ನೂ ಲಾ ಲಿಬೆರ್ತೆ’, ಅಂದರೆ ‘ಸ್ವಾತಂತ್ರ್ಯ ನಮ್ಮದು’ ಎಂಬ ಆ ಹಾಸ್ಯಚಿತ್ರವನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ತಮ್ಮ ಮುಂದೆ ಇಡಬಯಸುತ್ತೇನೆ.

ಕ್ಲೇರನು 1898ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದವನು. ಪತ್ರಿಕಾವೃತ್ತಿಯಿಂದ ಚಲಚ್ಚಿತ್ರಕ್ಕೆ ಬಂದವನು. ಮೂಕಚಿತ್ರಗಳ ಕಾಲದಲ್ಲಿ ಆತನು ಪಡೆದುಕೊಂಡಿದ್ದ ಕೌಶಲವು ಕಣ್ಣಿಗೆ ಸಂಬಂಧಪಟ್ಟದ್ದಾಗಿದ್ದುದರಿಂದ, ಚಿತ್ರಗಳಿಗೆ ಬಾಯಿ ಬಂದ ಕೂಡಲೆ ಎಲ್ಲರೂ ಹರ್ಷಿಸಿದಾಗ ಅವನು ಮಾತ್ರ ಕಳವಳಗೊಂಡನು. ನಟರು ಸಾಲಾಗಿ ನಿಂತು ಮಾತನಾಡುತ್ತಿದ್ದರೆ ಚಲಚ್ಚಿತ್ರವು ನಾಟಕದ ಛಾಯಾಪ್ರತಿಯಾಗಿಬಿಡುವುದಲ್ಲಾ ಎಂಬುದು ಅವನ ಭಯವಾಗಿತ್ತು. ಆ ಭಯಕ್ಕೆ ಆತನು ಕೊಟ್ಟುಕೊಂಡ ಉತ್ತರವೇ 1930 ಮತ್ತು 1931ರಲ್ಲಿ ಒಂದರ ಹಿಂದೆ ಒಂದಾಗಿ ಬಂದ ಮೂರು ಚಿತ್ರಗಳು: ‘ಪ್ಯಾರಿಸ್ಸಿನ ಮಾಡುಗಳ ಕೆಳಗೆ’, ‘ಲ ಮಿಲಿಯೋಂ’, ಮತ್ತು ನಾವು ಈಗ ಮಾತನಾಡುತ್ತಿರುವ ಈ ಮೂರನೆಯದು. ಇವುಗಳಲ್ಲಿ ಮಾತು ವಿರಳ, ಗಾನವು ಹೇರಳ. ಜಾರ್ಜ್ ಓರಿಕನೆಂಬ ಪ್ರತಿಭಾವಂತನಾದ ಸಂಗೀತಗಾರನು ಒದಗಿಸಿದ ರಾಗಗಳ ಮೇಲೆ ಈ ಮೂರನೆಯ ಚಿತ್ರದ ಇಡಿಯ ಕಥೆ ತೇಲುತ್ತ ಸಾಗುತ್ತದೆ. ಪಾತ್ರಗಳು ನಡೆಯುವ ನಡಿಗೆಗೂ ಯಂತ್ರಗಳು ಸುತ್ತುವ ಸುತ್ತಿಗೂ ಒಂದೇ ತಾಳವಿರುತ್ತದೆ.

ಚಿತ್ರದ ಮೊದಲಲ್ಲಿ ತೆರೆಯ ಮೇಲೆ ಕಾಣುವುದು ಒಂದು ಮರದ ಕುದುರೆ, ಮಕ್ಕಳ ಆಟಿಕೆ. ನೋಟವು ಮೆಲ್ಲನೆ ಸರಿದಂತೆ ಕುದುರೆಗಳ ಸಾಲು ಕಾಣುತ್ತದೆ, ಸಾಲಿನ ಬದಿಯಲ್ಲಿ ಅವುಗಳನ್ನು ಜೋಡಿಸುತ್ತಿರುವ ಕೈಗಳು ಕಾಣುತ್ತವೆ, ಆ ಬಳಿಕ ಕೈಗಳಿಗೆ ಒಡೆಯರಾದ ಕೈದಿಗಳ ಮುಖಗಳೂ ಅವರ ನಡುವೆ ಅಡ್ಡಾಡುವ ಕಾವಲುಗಾರರೂ ಕಾಣುತ್ತಾರೆ. ಹೊರಗಿನ ಮಕ್ಕಳ ಸಂತೋಷಕ್ಕಾಗಿ ಒಳಗಿನ ದಂಡಿತರು ಮಾತಿಲ್ಲದೆ ದುಡಿಯುತ್ತಿರುವ ಈ ಒಂದು ನೋಟದಲ್ಲಿ ನಿರ್ದೇಶಕನು ತನ್ನ ಸಮಸ್ತ ಅಭಿಪ್ರಾಯವನ್ನೂ ಬೀಜರೂಪವಾಗಿ ಇರಿಸಿದ್ದಾನೆ. ಆ ಸಾಲಿನಲ್ಲಿ ಕುಳಿತ ಇಬ್ಬರು ಗೆಳೆಯರು ಲೂಯಿ ಮತ್ತು ಎಮಿಲ್. ರೇಮೋಂ ಕೊರ್ದಿಯು ಲೂಯಿಯಾಗಿಯೂ ಆಂರಿ ಮಾರ್ಶಾಂ ಎಮಿಲನಾಗಿಯೂ ಅಭಿನಯಿಸಿದ್ದಾರೆ. ಒಬ್ಬನು ದೃಢಕಾಯನು, ಕಾರ್ಯಪಟು. ಮತ್ತೊಬ್ಬನು ಕೃಶನು, ಕನಸುಗಾರ. ರಾತ್ರಿಯಾದ ಮೇಲೆ ಹಾಡಿಕೊಳ್ಳುತ್ತ ಇಬ್ಬರೂ ಕಿಟಕಿಯ ಕಂಬಿಯನ್ನು ಕೊಯ್ಯುತ್ತಾರೆ. ಎಮಿಲನ ಕೈಗೆ ಗಾಯವಾಗುತ್ತದೆ. ಲೂಯಿಯು ತನ್ನ ಕರವಸ್ತ್ರವನ್ನು ತೆಗೆದು ಗಾಯಕ್ಕೆ ಸುತ್ತುತ್ತಾನೆ. ಶ್ರೋತೃಗಳು ದಯಮಾಡಿ ಈ ಕರವಸ್ತ್ರವನ್ನು ಜ್ಞಾಪಕದಲ್ಲಿಡಬೇಕು. ಓಡಿಹೋಗುವ ಹೊತ್ತಿಗೆ ಕಾವಲುಗಾರರು ಎಚ್ಚತ್ತುಬಿಡುವುದರಿಂದ ಇಬ್ಬರೂ ಒಟ್ಟಿಗೆ ತಪ್ಪಿಸಿಕೊಳ್ಳುವ ಅವಕಾಶವಿರುವುದಿಲ್ಲ. ಎಮಿಲನು ಗೆಳೆಯನನ್ನು ಗೋಡೆಯಾಚೆ ದಾಟಿಸಿ ತಾನು ಹಿಂದೆ ಉಳಿಯುತ್ತಾನೆ.

ಗೋಡೆಯಾಚೆ ಬಿದ್ದ ಲೂಯಿಯು ಎದುರಿಗೆ ಬಂದ ಒಬ್ಬ ಸವಾರನಿಗೆ ಡಿಕ್ಕಿ ಹೊಡೆದು, ಅವನ ಸೈಕಲ್ಲನ್ನೇರಿ ಪ್ರಾಣಭಯದಿಂದ ತುಳಿಯುತ್ತ ಹೋಗಿ, ಅದೊಂದು ಪಂದ್ಯವೆಂಬುದನ್ನೇ ಅರಿಯದೆ ಗೆಲುವಿನ ಗೆರೆಯನ್ನು ದಾಟಿ, ಜನರ ಜಯಘೋಷಕ್ಕೆ ಪಾತ್ರನಾಗುತ್ತಾನೆ. ಕಾನೂನಿನಿಂದ ಓಡುವ ಓಟವೂ ಲೌಕಿಕ ಯಶಸ್ಸಿನ ಕಡೆಗೆ ಓಡುವ ಓಟವೂ ಹೊರಗಿನಿಂದ ನೋಡುವವರಿಗೆ ಒಂದೇ ಬಗೆಯಾಗಿ ಕಾಣುತ್ತವೆಯೆಂಬ ಸತ್ಯವನ್ನು ಇಷ್ಟು ಹಗುರವಾಗಿ ನುಡಿದ ಮತ್ತೊಬ್ಬ ನಿರ್ದೇಶಕನನ್ನು ನಾನು ಕಾಣೆ. ಅಲ್ಲಿಂದ ಮುಂದಕ್ಕೆ ಲೂಯಿಯ ಏಳಿಗೆಯು ತಡೆಯಿಲ್ಲದೆ ನಡೆಯುತ್ತದೆ: ಬೀದಿಯ ಬದಿಯಲ್ಲಿ ಗ್ರಾಮಾಫೋನ್ ತಟ್ಟೆಗಳ ಮಾರಾಟ, ಆಮೇಲೊಂದು ಅಂಗಡಿ, ಅಂಗಡಿಯಿಂದ ದೊಡ್ಡ ಮಳಿಗೆ, ಮಳಿಗೆಯಿಂದ ಸಾವಿರಾರು ಜನ ದುಡಿಯುವ ಗ್ರಾಮಾಫೋನ್ ಕಾರ್ಖಾನೆ. ಇದು ಕೇವಲ ಕಲ್ಪನೆಯೆಂದು ಆಗಿನ ಫ್ರೆಂಚರು ಭಾವಿಸಿರಲಾರರು. ಏಕೆಂದರೆ ಅವರ ಕಣ್ಣೆದುರಿಗೇ ಶಾರ್ಲ್ ಪಾಥೇ ಎಂಬಾತನು 1890ರ ದಶಕದಲ್ಲಿ ಜಾತ್ರೆಗಳಲ್ಲಿ ಫೋನೋಗ್ರಾಫನ್ನು ನುಡಿಸಿ ಕಾಸು ಕೂಡಿಸುವುದರಿಂದ ಆರಂಭಿಸಿ, ಧ್ವನಿಮುದ್ರಿಕೆಗಳ ಹಾಗೂ ಚಲಚ್ಚಿತ್ರಗಳ ಒಂದು ಸಾಮ್ರಾಜ್ಯವನ್ನೇ ಕಟ್ಟಿದ್ದನು. ಪಾಥೇ ಸೆರೆಯಿಂದ ಬಂದವನಲ್ಲವೆಂಬುದನ್ನು ಹೇಳಲೇಬೇಕು. ಹೋಲಿಕೆ ಏಳಿಗೆಯ ಮೆಟ್ಟಿಲುಗಳಿಗಷ್ಟೆ.

ಲೂಯಿಯ ಕಾರ್ಖಾನೆಯನ್ನು ಮೊದಲು ಕಂಡಾಗ ನೋಡುವವನ ಎದೆ ಒಮ್ಮೆ ಜುಮ್ಮೆನ್ನುತ್ತದೆ. ಅದೇ ಉದ್ದನೆಯ ಮೇಜು, ಅದೇ ಸಾಲು, ಅದೇ ಮೌನ, ಅದೇ ಸಮವಸ್ತ್ರ, ಎದೆಯ ಮೇಲೆ ಅಂಥದೇ ಅಂಕಿ, ನಡುನಡುವೆ ಅಡ್ಡಾಡುವ ಮೇಲ್ವಿಚಾರಕರು. ಮರದ ಕುದುರೆಯಿದ್ದ ಸ್ಥಾನದಲ್ಲಿ ಗ್ರಾಮಾಫೋನು. ಕಾರಾಗೃಹವನ್ನೂ ಕಾರ್ಖಾನೆಯನ್ನೂ ಒಂದೇ ರೇಖೆಯಲ್ಲಿ ಬರೆದಂತೆ ಕಟ್ಟಿಕೊಟ್ಟವನು ಲಜಾರ್ ಮೀರ್ಸನ್ ಎಂಬ ಕಲಾನಿರ್ದೇಶಕ. ಬಿಳಿಯ ವಿಶಾಲ ಗೋಡೆಗಳು, ನೇರವಾದ ಗೆರೆಗಳು, ಅಲಂಕಾರದ ಲೇಶವೂ ಇಲ್ಲದ ಮಹಾಪ್ರಾಂಗಣಗಳು. ಇವು ನೋಡಲು ಸುಂದರವಾಗಿವೆ, ಆ ಸೌಂದರ್ಯವೇ ಮನಸ್ಸಿಗೆ ಚಳಿ ಹುಟ್ಟಿಸುತ್ತದೆ. ಅಮೆರಿಕೆಯ ಚಲಚ್ಚಿತ್ರ ಅಕಾಡೆಮಿಯವರು ಈ ಕಲಾನಿರ್ದೇಶನವನ್ನು ತಮ್ಮ ಪ್ರಶಸ್ತಿಯ ಪರಿಶೀಲನೆಗೆ ಆರಿಸಿಕೊಂಡರು. ಇಂಗ್ಲಿಷೇತರ ಭಾಷೆಯ ಚಿತ್ರವೊಂದಕ್ಕೆ ಅಂಥ ಗೌರವ ಸಂದುದು ಅದೇ ಮೊದಲು. 1932ರಲ್ಲಿ ವೆನಿಸ್ಸಿನಲ್ಲಿ ನಡೆದ ಪ್ರಥಮ ಚಲಚ್ಚಿತ್ರೋತ್ಸವದಲ್ಲಿಯೂ ಪ್ರೇಕ್ಷಕರು ಇದನ್ನು ಅತ್ಯಂತ ವಿನೋದಕರವಾದ ಚಿತ್ರವೆಂದು ಮೆಚ್ಚಿ ಆರಿಸಿದರು.

ಇನ್ನು ಎಮಿಲನ ವಿಚಾರ. ಅವಧಿ ತುಂಬಿ ನ್ಯಾಯವಾಗಿ ಬಿಡುಗಡೆ ಹೊಂದಿದವನು ಇವನು, ಓಡಿಹೋದವನಲ್ಲ. ಹೊರಬಂದ ಎಮಿಲನು ಮಾಡಿದ ಮೊದಲ ಕೆಲಸವೆಂದರೆ ಬಯಲಿನಲ್ಲಿ ಹುಲ್ಲಿನ ಮೇಲೆ ಒರಗಿ ಆಕಾಶವನ್ನು ನೋಡಿದ್ದು. ವರ್ಷಗಟ್ಟಲೆ ನಾಲ್ಕು ಗೋಡೆಗಳ ನಡುವೆ ಕಳೆದವನಿಗೆ ಇದಕ್ಕಿಂತ ನಿರಪರಾಧವಾದ ಅಪೇಕ್ಷೆ ಇನ್ನಾವುದಿದ್ದೀತು? ಆದರೆ ಪೋಲೀಸಿನವನು ಬಂದು, ಕೆಲಸವಿಲ್ಲದೆ ಬಿದ್ದುಕೊಂಡಿರುವುದು ಅಪರಾಧವೆಂದು ಅವನನ್ನು ಎಬ್ಬಿಸಿ ಒಯ್ಯುತ್ತಾನೆ. ಅದೇ ಸಮಯಕ್ಕೆ ಪಾಠಶಾಲೆಯೊಂದರಲ್ಲಿ ಉಪಾಧ್ಯಾಯನು ದುಡಿಮೆಯೇ ಸ್ವಾತಂತ್ರ್ಯವೆಂಬ ಪಾಠವನ್ನು ಹುಡುಗರಿಂದ ಹೇಳಿಸುತ್ತಿರುತ್ತಾನೆ. ತಪ್ಪಿಸಿಕೊಂಡವನು ಧನಿಕನಾದನು, ಶಿಕ್ಷೆಯನ್ನು ಪೂರ್ತಿಯಾಗಿ ಅನುಭವಿಸಿದವನು ಮತ್ತೆ ಸೆರೆಗೆ ಹೋದನು. ಈ ವೈಪರೀತ್ಯವನ್ನು ಕ್ಲೇರನು ಕೋಪದಿಂದ ಸಾರುವುದಿಲ್ಲ; ಹಾಡಿನ ಒಂದು ಪಲ್ಲವಿಯಲ್ಲಿ ಮುಗಿಸಿ ಮುಂದೆ ಹೋಗುತ್ತಾನೆ. ಆದರೆ ಎಷ್ಟೋ ದೇಶಗಳ ನ್ಯಾಯಶಾಸ್ತ್ರಗಳಲ್ಲಿ ಅಲೆಮಾರಿತನವೇ ಒಂದು ಅಪರಾಧವಾಗಿದ್ದುದನ್ನು ಸ್ಮರಿಸಿಕೊಂಡರೆ, ಬಿಡುಗಡೆಯಾದ ದಿನವೇ ಮನೆಯೂ ಕೆಲಸವೂ ಇಲ್ಲದವನಿಗೆ ಬಿಡುಗಡೆಯೆಂಬುದು ಎಷ್ಟರ ಮಾತೆಂಬುದು ಹೊಳೆಯದಿರದು.

ನಿರಾಶನಾದ ಎಮಿಲನು ಠಾಣೆಯ ಕಿಟಕಿಯ ಕಂಬಿಗೆ ಉರುಲು ಬಿಗಿದು ಪ್ರಾಣ ಕಳೆದುಕೊಳ್ಳಲು ಹೊರಟರೆ ಆ ಕಂಬಿಯೇ ಕಿತ್ತುಬಂದು ಅವನಿಗೆ ದಾರಿ ಬಿಡುತ್ತದೆ. ಮರಣವನ್ನು ಬಯಸಿದವನಿಗೆ ಬಿಡುಗಡೆ ದೊರೆಯುವ ಈ ಸಂದರ್ಭದಲ್ಲಿ ನಗೆಯೂ ನಿಟ್ಟುಸಿರೂ ಒಟ್ಟಿಗೇ ಬರುತ್ತವೆ. ಆ ಮೊದಲೇ ಎದುರುಮನೆಯ ಕಿಟಕಿಯಲ್ಲಿ ಝಾನ್ ಎಂಬ ತರುಣಿಯು ಅವನ ಕಣ್ಣಿಗೆ ಬಿದ್ದಿರುತ್ತಾಳೆ, ಅತ್ತ ಕಡೆಯಿಂದ ಮನೋಹರವಾದ ಗಾನವೂ ಕೇಳಿಬಂದಿರುತ್ತದೆ. ಅವಳೇ ಹಾಡುತ್ತಿರುವಳೆಂದು ನಂಬಿದ ಎಮಿಲನು ಆ ಕಂಠಕ್ಕೆ ಮನಸೋಲುತ್ತಾನೆ. ಆದರೆ ಅವಳು ಬೀದಿಗೆ ಇಳಿದುಬಂದ ಮೇಲೂ ಹಾಡು ನಿಲ್ಲುವುದಿಲ್ಲ. ಕೊನೆಗೆ ಯಂತ್ರದ ಕೀಲಿ ಇಳಿದು ಸ್ವರವು ಗೊಗ್ಗರಾಗಿ ನಿಂತಾಗ ಅದು ಗ್ರಾಮಾಫೋನಿನ ತಟ್ಟೆಯೆಂದು ತಿಳಿಯುತ್ತದೆ. ಕಾಣದ ಮನುಷ್ಯನ ಧ್ವನಿಯನ್ನು ಯಂತ್ರದ ಮೂಲಕ ಕೇಳುತ್ತಿರುವ ತಮಗೆ, ಈ ಘಳಿಗೆಯಲ್ಲಿ, ಇದರ ಸ್ವಾರಸ್ಯವನ್ನು ನಾನು ಬಿಡಿಸಿ ಹೇಳಬೇಕಾದುದಿಲ್ಲ. ಧ್ವನಿಯು ಬಂದ ಕೂಡಲೆ ಅದರ ಹಿಂದೆ ದೇಹವೊಂದು ನಿಂತಿದೆಯೆಂದು ನಂಬುವ ಹೃದಯದ ಸರಳತೆಯನ್ನು ಕ್ಲೇರನು ಗೇಲಿಮಾಡುವುದಿಲ್ಲ. ಅದರ ಮೇಲೆ ಅವನಿಗೆ ಅಪಾರವಾದ ವಾತ್ಸಲ್ಯವಿದೆ.

ಆ ತರುಣಿಯನ್ನು ಹಿಂಬಾಲಿಸಿ ಹೋದ ಎಮಿಲನು ತನಗರಿವಿಲ್ಲದೆಯೇ ಲೂಯಿಯ ಕಾರ್ಖಾನೆಯಲ್ಲಿ ಕೂಲಿಯಾಗಿ ಸೇರಿಬಿಡುತ್ತಾನೆ. ಅವಳ ಕಡೆಗೆ ನೋಡುತ್ತ ಒಂದು ಕ್ಷಣ ಕೈ ನಿಲ್ಲಿಸಿದ್ದರಿಂದ ಸಾಲಿನ ಕೆಲಸವೆಲ್ಲ ಅಸ್ತವ್ಯಸ್ತವಾಗಿ, ಒಬ್ಬನು ಬಿಟ್ಟುದನ್ನು ಹಿಡಿಯಲು ಮತ್ತೊಬ್ಬನು ಧಾವಿಸಿ, ಕಾರ್ಖಾನೆಗೆ ಕಾರ್ಖಾನೆಯೇ ಗೊಂದಲದಲ್ಲಿ ಮುಳುಗುತ್ತದೆ. ಆ ಗೊಂದಲದ ಬೆನ್ನಿಗೆ ಬರುವುದೇ ಇಬ್ಬರು ಗೆಳೆಯರ ಪುನಸ್ಸಮಾಗಮ. ಈ ಭಾಗವನ್ನು ಕುರಿತು ನಾನು ತುಸು ದೀರ್ಘವಾಗಿ ಹೇಳುವುದನ್ನು ತಾವು ಸಹಿಸಬೇಕು; ಚಿತ್ರದ ಜೀವವಿರುವುದು ಇಲ್ಲಿಯೇ.

ಲೂಯಿಯು ಎಮಿಲನನ್ನು ಕಂಡು ಬೆಚ್ಚುತ್ತಾನೆ. ಹೊಸ ಹೆಸರು, ಹೊಸ ಅರಮನೆ, ಹೊಸ ಹೆಂಡತಿ, ಎಲ್ಲವೂ ಒಂದು ರಹಸ್ಯದ ಮೇಲೆ ನಿಂತಿರುವಾಗ ಆ ರಹಸ್ಯವನ್ನು ಬಲ್ಲವನು ಬಾಗಿಲಲ್ಲಿ ಬಂದು ನಿಂತಿದ್ದಾನೆ. ಹಣ ಕೀಳಲು ಬಂದಿರಬೇಕೆಂದು ತಿಳಿದು ಲೂಯಿಯು ಅವನನ್ನು ತನ್ನ ಕೊಠಡಿಗೆ ಎಳೆದೊಯ್ದು ಗದರಿಸುತ್ತಾನೆ, ಹಣವನ್ನೂ ಚಾಚುತ್ತಾನೆ. ಗೆಳೆಯನನ್ನು ಕಂಡ ಸಂತೋಷದ ಹೊರತು ಮತ್ತೇನನ್ನೂ ಅರಿಯದ ಎಮಿಲನಿಗೆ ಈ ನಡತೆಯು ಅರ್ಥವೇ ಆಗುವುದಿಲ್ಲ. ಮಾತು ಬೆಳೆದು ಕೈಕೈ ಹತ್ತಿದಾಗ ಎಮಿಲನ ಕೈಗೆ ಗಾಯವಾಗಿ ನೆತ್ತರು ಬರುತ್ತದೆ. ಆಗ ಲೂಯಿಯ ಕೈ, ಅವನ ಬುದ್ಧಿಯ ಅನುಮತಿಗೂ ಕಾಯದೆ, ಜೇಬಿನಿಂದ ಕರವಸ್ತ್ರವನ್ನು ತೆಗೆದು ಗಾಯಕ್ಕೆ ಸುತ್ತತೊಡಗುತ್ತದೆ. ಸುತ್ತುತ್ತಿರುವಂತೆಯೇ ಇಬ್ಬರಿಗೂ ಆ ಸೆರೆಮನೆಯ ಇರುಳು ನೆನಪಾಗುತ್ತದೆ, ಹಳೆಯ ಹಾಡು ಕೇಳಿಬರುತ್ತದೆ, ಕಠಿನವಾಗಿದ್ದ ಮುಖವು ಸಡಿಲಗೊಂಡು ಕಾರ್ಖಾನೆಯ ಒಡೆಯನು ಮಾಯವಾಗಿ ಹಳೆಯ ಲೂಯಿಯು ಅಲ್ಲಿ ನಿಂತಿರುತ್ತಾನೆ. ಇಬ್ಬರೂ ಅಪ್ಪಿಕೊಳ್ಳುತ್ತಾರೆ. ಸೆರೆಯಿಂದ ಹೊರಬಂದು ಬಹುಕಾಲವಾಗಿದ್ದ ಲೂಯಿಯು ನಿಜವಾಗಿ ಹೊರಬಂದುದು ಆ ಘಳಿಗೆಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ತನ್ನ ಹಿಂದಣ ಬಾಳನ್ನು ಮುಚ್ಚಿಟ್ಟು ಮುಂದಣ ಬಾಳನ್ನು ಕಟ್ಟಲು ಹೊರಟವನು ಪ್ರತಿದಿನವೂ ತನಗೆ ತಾನೇ ಕಾವಲುಗಾರನಾಗಿರುತ್ತಾನೆ. ಅವನನ್ನು ಅವನ ಹಳೆಯ ಹೆಸರಿನಿಂದಲೇ ಗುರುತಿಸಿ, ಗುರುತಿಸಿಯೂ ಪ್ರೀತಿಸುವ ಒಬ್ಬನಾದರೂ ದೊರೆತಾಗ ಮಾತ್ರ ಆ ಕಾವಲು ತಪ್ಪುತ್ತದೆ.

ಇದೇ 1931ರ ಜನವರಿಯಲ್ಲಿ, ಅಟ್ಲಾಂಟಿಕ್ ಸಮುದ್ರದ ಆಚೆಯ ಅಮೆರಿಕೆಯಲ್ಲಿ, ಚಾರ್ಲಿ ಚಾಪ್ಲಿನನ ‘ಸಿಟಿ ಲೈಟ್ಸ್’ ತೆರೆಗೆ ಬಂದಿದ್ದಿತು. ಅಲ್ಲಿಯೂ ನಾಯಕನು ಕುರುಡಿಯಾದ ಹೂಮಾರುವ ಹುಡುಗಿಯ ಕಣ್ಣಿನ ಚಿಕಿತ್ಸೆಗೆ ಹಣವನ್ನೊದಗಿಸಿ, ಮಾಡದ ಕಳವಿಗಾಗಿ ಸೆರೆಗೆ ಹೋಗಿ, ಕೆಲವು ತಿಂಗಳುಗಳ ಮೇಲೆ ಚಿಂದಿಯುಟ್ಟು ಹೊರಬರುತ್ತಾನೆ. ದೃಷ್ಟಿ ಪಡೆದು ಅಂಗಡಿಯೊಡತಿಯಾಗಿರುವ ಆ ಹುಡುಗಿಯು ಬೀದಿಯಲ್ಲಿ ಹುಡುಗರ ಕೀಟಲೆಗೆ ಗುರಿಯಾಗಿ ನಿಂತ ಈ ದರಿದ್ರನನ್ನು ಕಂಡು ನಗುತ್ತಾಳೆ. ಮರುಕದಿಂದ ಅವನಿಗೊಂದು ಹೂವನ್ನೂ ನಾಣ್ಯವನ್ನೂ ಕೊಡಲು ಬಂದು ಅವನ ಕೈಯನ್ನು ಹಿಡಿದಾಗ, ಕಣ್ಣು ಗುರುತಿಸಲಾರದೆ ಹೋದವನನ್ನು ಅವಳ ಬೆರಳುಗಳು ಗುರುತಿಸುತ್ತವೆ. ಒಂದೇ ವರ್ಷದಲ್ಲಿ, ಇಬ್ಬರು ಮಹಾವಿನೋದಗಾರರು, ಸೆರೆಯಿಂದ ಬಂದವನನ್ನು ಲೋಕವು ಮರಳಿ ಸ್ವೀಕರಿಸುವ ಕ್ಷಣವನ್ನು ಕೈಯ ಸ್ಪರ್ಶದಲ್ಲಿಯೇ ಕಂಡರೆಂಬುದು ನನಗೆ ಬಹು ದೊಡ್ಡ ವಿಷಯವಾಗಿ ತೋರುತ್ತದೆ. ಯಾರು ಯಾರಿಂದ ಪಡೆದರೆಂಬ ವಿಚಾರಣೆ ಇಲ್ಲಿ ಬೇಕಾಗಿಲ್ಲ. ಕಾಗದಪತ್ರಗಳಲ್ಲಿ ಸೆರೆಯಾಳಿನ ಬಿಡುಗಡೆ ಎಂದೋ ನಮೂದಾಗಿರುತ್ತದೆ. ಕೈ ಹಿಡಿದವರು ದೊರೆತ ದಿನವೇ ಅವನ ಬಾಳು ಮೊದಲಾಗುತ್ತದೆ. 1916ರ ‘ಪೋಲೀಸ್’ ಎಂಬ ಸಣ್ಣ ಮೂಕಚಿತ್ರದಲ್ಲಿಯೂ ಚಾಪ್ಲಿನನು ಇದನ್ನೇ ಹೇಳಿದ್ದನು: ಸೆರೆಯಿಂದ ಬಂದು, ಹಳೆಯ ಜೊತೆಗಾರನ ಪ್ರೇರಣೆಯಿಂದ ಮನೆಯೊಂದಕ್ಕೆ ಕನ್ನ ಹಾಕಲು ಹೋದವನನ್ನು, ಆ ಮನೆಯ ಹೆಣ್ಣುಮಗಳೇ ತನ್ನ ಗಂಡನೆಂದು ಪೋಲೀಸರಿಗೆ ಹೇಳಿ ಕಾಪಾಡುತ್ತಾಳೆ.

ಮುಂದಿನ ಭಾಗವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಗೆಳೆಯನ ಸಹವಾಸದಿಂದ ಲೂಯಿಗೆ ತನ್ನ ವೈಭವವು ಹೊರೆಯಾಗತೊಡಗುತ್ತದೆ. ಔತಣದ ಮನೆಯಲ್ಲಿ ಗಣ್ಯರ ಸಮ್ಮುಖದಲ್ಲಿಯೇ ಇಬ್ಬರೂ ಚೇಷ್ಟೆಗಿಳಿಯುತ್ತಾರೆ, ಲೂಯಿಯು ತನ್ನದೇ ಭಾವಚಿತ್ರದ ಮೇಲೆ ಕೈಗೆ ಸಿಕ್ಕುದನ್ನು ಎಸೆಯುತ್ತಾನೆ, ಅವನನ್ನು ಎಂದೂ ಪ್ರೀತಿಸದ ಹೆಂಡತಿ ಮನೆ ಬಿಟ್ಟು ಹೋಗುತ್ತಾಳೆ. ಎಮಿಲನು ಪ್ರೀತಿಸಿದ ಝಾನಳಿಗೆ ಬೇರೊಬ್ಬ ಪ್ರಿಯನಿರುವುದು ಗೊತ್ತಾಗಿ ಅವನು ಮರುಮಾತಿಲ್ಲದೆ ಹಿಂದೆಗೆಯುತ್ತಾನೆ. ಲೂಯಿಯ ಹಳೆಯ ಸೆರೆವಾಸವನ್ನು ಬಲ್ಲ ಪಾತಕಿಗಳ ಗುಂಪೊಂದು ಅವನನ್ನು ಬೆದರಿಸುತ್ತದೆ, ಪೋಲೀಸರೂ ಸಮೀಪಿಸುತ್ತಾರೆ. ಮನುಷ್ಯರ ಕೈಯೇ ಬೇಡದೆ ತಾನೇ ನಡೆಯುವ ಹೊಸ ಕಾರ್ಖಾನೆಯ ಪ್ರಾರಂಭೋತ್ಸವದ ದಿನ, ಸಿಕ್ಕಿಬೀಳುವುದು ನಿಶ್ಚಯವೆಂದು ಕಂಡ ಲೂಯಿಯು ಆ ಕಾರ್ಖಾನೆಯನ್ನು ಕೆಲಸಗಾರರಿಗೇ ಒಪ್ಪಿಸಿಬಿಟ್ಟೆನೆಂದು ಸಾರುತ್ತಾನೆ. ಅಷ್ಟರಲ್ಲಿ ಬಿರುಗಾಳಿ ಎದ್ದು ನೋಟುಗಳನ್ನು ತುಂಬಿದ್ದ ಪೆಟ್ಟಿಗೆಯೊಂದು ಬಾಯಿತೆರೆದು ಪ್ರಾಂಗಣದ ತುಂಬ ನೋಟುಗಳು ಹಾರಾಡುತ್ತವೆ. ಎತ್ತರದ ಕರಿಯ ಟೋಪಿಗಳನ್ನು ಧರಿಸಿ ಸಭಾಮರ್ಯಾದೆಯಿಂದ ನಿಂತಿದ್ದ ಮಹನೀಯರು ಮೊದಮೊದಲು ಓರೆಗಣ್ಣಿನಿಂದ ನೋಡುತ್ತ, ಆಮೇಲೆ ಒಂದೊಂದು ಹೆಜ್ಜೆ ಸರಿಯುತ್ತ, ಕಡೆಗೆ ನಾಚಿಕೆಯನ್ನು ತೊರೆದು ನೋಟುಗಳ ಹಿಂದೆ ಓಡತೊಡಗುತ್ತಾರೆ. ಗಾಳಿಯಲ್ಲಿ ಯಾರಿಗೂ ಕೇಳಿಸದ ತನ್ನ ಭಾಷಣವನ್ನು ಮುದುಕನಾದ ಒಬ್ಬ ಗಣ್ಯನು ಮುಂದುವರಿಸುತ್ತಲೇ ಇರುತ್ತಾನೆ. ಹಣದ ಮುಂದೆ ಮಾನವಂತರು ವರ್ತಿಸುವ ರೀತಿಯನ್ನು ಕುರಿತು ನೂರು ಪುಟಗಳಲ್ಲಿ ಹೇಳಬೇಕಾದುದು ಇಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿದಿದೆ.

ಕಥಾಂತ್ಯದಲ್ಲಿ ಕಾರ್ಖಾನೆ ತಾನಾಗಿಯೇ ನಡೆಯುತ್ತಿರುತ್ತದೆ. ಕೆಲಸಗಾರರು ಹೊಳೆಯ ದಂಡೆಯಲ್ಲಿ ಮೀನು ಹಿಡಿಯುತ್ತ, ಇಸ್ಪೀಟಾಡುತ್ತ, ಕುಣಿಯುತ್ತ ಕಾಲ ಕಳೆಯುತ್ತಾರೆ. ಲೂಯಿ ಮತ್ತು ಎಮಿಲರು ಕೈಯಲ್ಲಿ ಕಾಸಿಲ್ಲದೆ ಹಾಡುತ್ತ ದಾರಿ ಹಿಡಿದು ಹೋಗುತ್ತಾರೆ. ಈ ಮುಕ್ತಾಯವನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಆ ಹೊತ್ತಿಗೆ ಜಗತ್ತಿನಾದ್ಯಂತ ಆರ್ಥಿಕ ಕುಸಿತದಿಂದ ಕಾರ್ಖಾನೆಗಳು ಮುಚ್ಚುತ್ತಿದ್ದುವು. ಕೆಲಸವಿಲ್ಲದ ಕೈಗಳಿಗೆ ಗಾಳದ ಕೋಲು ಕೊಟ್ಟರೆ ಸಾಲದೆಂಬುದನ್ನು ಅಂದಿನ ಪ್ಯಾರಿಸ್ಸಿನ ಬೀದಿಗಳೇ ಹೇಳುತ್ತಿದ್ದುವು. ಯಂತ್ರವು ದುಡಿದುದರ ಫಲವು ಮನುಷ್ಯನಿಗೆ ಸಲ್ಲುವ ವ್ಯವಸ್ಥೆ ಯಾವುದೆಂಬ ಪ್ರಶ್ನೆಯನ್ನು ಕ್ಲೇರನು ಒಂದು ದಾನಪತ್ರದಿಂದ ಬಗೆಹರಿಸಿದ್ದಾನೆ, ಅದು ಬಗೆಹರಿದಂತಲ್ಲ. ಆದರೆ ಇಬ್ಬರು ಗೆಳೆಯರ ಮಟ್ಟಿಗೆ ಮುಕ್ತಾಯವು ಸತ್ಯವಾಗಿದೆ. ದಾರಿಯಲ್ಲಿ ಬೆಲೆಬಾಳುವ ಮೋಟಾರೊಂದು ಹಾದುಹೋದಾಗ ಲೂಯಿಯು ಆಸೆಯಿಂದ ಅದರತ್ತ ನೋಡುತ್ತ ನಿಲ್ಲುತ್ತಾನೆ. ಎಮಿಲನು ಹಿಂದಿನಿಂದ ಒಂದು ಒದೆ ಕೊಟ್ಟು ಅವನನ್ನು ಎಚ್ಚರಿಸುತ್ತಾನೆ. ತ್ಯಾಗಮಾಡಿದ ಮರುಕ್ಷಣವೇ ಆಸೆ ಅಳಿದುಹೋಯಿತೆಂದು ಹೇಳುವ ಸುಲಭ ಮಾರ್ಗವನ್ನು ಬಿಟ್ಟು, ಆಸೆ ಉಳಿದೇ ಇರುವುದೆಂದೂ ಎಚ್ಚರಿಸುವ ಗೆಳೆಯನೂ ಬಳಿಯಲ್ಲಿಯೇ ಇರುವನೆಂದೂ ಹೇಳಿದ್ದರಲ್ಲಿ ಕ್ಲೇರನ ಪ್ರಾಮಾಣಿಕತೆಯಿದೆ.

ಈ ಚಿತ್ರದ ಹೆಸರು ಮುಂದೆ ನ್ಯಾಯಾಲಯದ ದಾಖಲೆಗಳಲ್ಲಿಯೂ ಕಾಣಿಸಿಕೊಂಡಿತು. 1936ರಲ್ಲಿ ಚಾಪ್ಲಿನನ ‘ಮಾಡರ್ನ್ ಟೈಮ್ಸ್’ ಹೊರಬಂದಾಗ, ಅದರಲ್ಲಿಯ ಕಾರ್ಖಾನೆಯ ದೃಶ್ಯಗಳು ತಮ್ಮ ಚಿತ್ರದಿಂದ ತೆಗೆದವುಗಳೆಂದು ಆರೋಪಿಸಿ, ಕ್ಲೇರನ ಚಿತ್ರವನ್ನು ತಯಾರಿಸಿದ್ದ ಟೋಬಿಸ್ ಸಂಸ್ಥೆಯು ದಾವೆ ಹೂಡಿತು. ಕ್ಲೇರನು ಅದಕ್ಕೆ ಸಮ್ಮತಿಸಲಿಲ್ಲ. ತಾವೆಲ್ಲರೂ ಚಾಪ್ಲಿನನಿಗೆ ಋಣಿಗಳಾಗಿರುವಾಗ, ಆತನು ತನ್ನಿಂದ ಏನನ್ನಾದರೂ ಪಡೆದುದು ನಿಜವಾದರೆ ಅದು ತನಗೆ ಸಂದ ಗೌರವವೇ ಎಂಬುದು ಕ್ಲೇರನ ನಿಲುವಾಗಿತ್ತು. ದಾವೆಯು ಎಳೆದಾಡಿಕೊಂಡು ಹೋಗಿ ಎರಡನೆಯ ಮಹಾಯುದ್ಧವು ಮುಗಿದ ಮೇಲೆ ನ್ಯಾಯಾಲಯದ ಹೊರಗೆ ರಾಜಿಯಾಯಿತು.

ನಮ್ಮ ಊರುಗಳ ಚಿತ್ರಸಮಾಜಗಳವರಲ್ಲಿ ನನ್ನದೊಂದು ಬಿನ್ನಹವಿದೆ. ಕ್ಲೇರನ ಈ ಚಿತ್ರವನ್ನು ತರಿಸಿ ತೋರಿಸುವಾಗ ಅದನ್ನು ‘ಮಾಡರ್ನ್ ಟೈಮ್ಸ್’ ಜೊತೆಯಲ್ಲಿ ಇಟ್ಟು ಯಂತ್ರಗಳನ್ನು ಹೋಲಿಸುವುದು ವಾಡಿಕೆಯಾಗಿಬಿಟ್ಟಿದೆ. ಒಮ್ಮೆಯಾದರೂ ಅದನ್ನು ‘ಸಿಟಿ ಲೈಟ್ಸ್’ ಜೊತೆಗೆ, ಒಂದೇ ಸಂಜೆಯಲ್ಲಿ, ಒಂದಾದ ಮೇಲೊಂದಾಗಿ ತೋರಿಸಿರಿ; ಕಾರಾಗೃಹಗಳ ಅಧಿಕಾರಿಗಳನ್ನೂ ನ್ಯಾಯವಾದಿಗಳನ್ನೂ ಕೆಲಸ ಕೊಡುವ ಸ್ಥಾನದಲ್ಲಿರುವ ಉದ್ಯಮಿಗಳನ್ನೂ ಆ ಸಂಜೆಗೆ ಕರೆಯಿರಿ.